ಹುಚ್ಚನ್ನು ಅಭಿನಯಿಸದೆ ‘ಯೆಲ್ಲೋ ವಾಲ್‌ಪೇಪರ್’ ಆಡಿದ್ದು

“ಇದು ಓದುವ ಕತೆ, ಆಡುವ ಕತೆ ಅಲ್ಲ ಮಾರಾಯ್ರೇ” ಅಂತ ಉಡುಪಿಯ ಹಿರಿಯ ರಂಗಕರ್ಮಿಯೊಬ್ಬರು ಶುರುವಿನಲ್ಲೇ ಹೇಳಿದ್ದರು. ಅಮೆರಿಕದ ಲೇಖಕಿ ಷಾರ್ಲಟ್ ಪರ್ಕಿನ್ಸ್ ಗಿಲ್‌ಮನ್ 1892ರಲ್ಲಿ ಪ್ರಕಟಿಸಿದ ಆ ಕತೆ ಈಗ ನಮ್ಮ ತಂಡದ ಮುಕ್ಕಾಲು ಗಂಟೆಯ ಏಕವ್ಯಕ್ತಿ ನಾಟಕ. ಉಡುಪಿಯಲ್ಲೂ ಮಂಗಳೂರಲ್ಲೂ ಜನ ಕೊನೆಯವರೆಗೆ ಕದಲದೆ ಕೂತು ನೋಡಿದ್ದಾರೆ.

ಕತೆಯಲ್ಲಿ ಹೊರಗಿನ ಘಟನೆ ಬಹಳ ಕಡಿಮೆ. ಹೆತ್ತ ಹೆಂಗಸು, ಡಾಕ್ಟರ್ ಗಂಡ, ಮೂರು ತಿಂಗಳಿಗೆ ಹಿಡಿದ ಬಾಡಿಗೆ ಮನೆ, ಏನೂ ಬರೆಯಬಾರದೆಂಬ ಕಟ್ಟಪ್ಪಣೆ. ಮಿಕ್ಕದ್ದೆಲ್ಲ ಗೋಡೆಯ ಮೇಲೆ ನಡೆಯುತ್ತದೆ. ಮೊದಲು ಆ ಹಳದಿ ಕಾಗದ ಅಂದರೆ ಅವಳಿಗೆ ಅಸಹ್ಯ. ಆಮೇಲೆ ಚಿತ್ತಾರದ ಹಿಂದೆ ಒಬ್ಬ ಹೆಂಗಸು ಕಾಣುತ್ತಾಳೆ. ಕೊನೆಗೆ ಆ ಹೆಂಗಸು ತಾನೇ. ನಾಟಕವನ್ನು ಇಷ್ಟರ ಮೇಲೆ ಕಟ್ಟಿದೆ, ಬೇರೆ ದೃಶ್ಯ ಸೇರಿಸಲಿಲ್ಲ.

ಶುರುವಿನ ಪ್ರದರ್ಶನಗಳಲ್ಲಿ ನಟಿ ಕೂದಲು ಬಿಚ್ಚಿ ನಡುಗುತ್ತಿದ್ದಳು. ನಮ್ಮ ತುಳುನಾಡಿನಲ್ಲಿ ದರ್ಶನ, ಅಂದರೆ ದೈವ ಮೈಮೇಲೆ ಬರೋದನ್ನು, ನೋಡದವರು ಯಾರಿದ್ದಾರೆ? “ಮೈಮೇಲೆ ಬಂತು” ಅಂತ ಜನ ಅಂದುಕೊಂಡರು. ಅಲ್ಲಿಗೆ ಕಾಯಿಲೆಯ ಕತೆ ಕೈತಪ್ಪಿತು. ಮತ್ತೆ ಕತೆ ಹಿಡಿದು ಕೂತೆ. ಕಾಯಿಲೆ ಏರಿದ ಹಾಗೆ ಅವಳ ಮಾತು ಖಚಿತವಾಗುತ್ತಾ ಹೋಗುತ್ತದೆ! ಮೊದಲ ಪುಟಗಳಲ್ಲಿ “ಏನು ಮಾಡೋದು” ಅನ್ನುವವಳು ಕೊನೆಗೆ ಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಕಿಟಕಿಯಿಂದ ಎಸೆದು, ಅದು ಬಿದ್ದ ಜಾಗವನ್ನು ಗಂಡನಿಗೆ ಮೆತ್ತಗೆ ಹೇಳುತ್ತಾಳೆ. ಹಾಗಾಗಿ ನಟಿಗೆ ಹೇಳಿದ್ದು ಒಂದೇ: ಹುಚ್ಚು ಆಡಬೇಡ, ಕೆಲಸ ಮಾಡು. ಕೂದಲು ಬಿಗಿಯಾಗಿ ಗಂಟು, ದನಿ ತಣ್ಣಗೆ. ಕಾಗದ ಹರಿಯೋದು ಅವಳಿಗೆ ಆ ದಿನ ಮುಗಿಸಲೇಬೇಕಾದ ಕೆಲಸ. ತಂಡದಲ್ಲೇ ಅರ್ಧ ಜನ ಒಪ್ಪಲಿಲ್ಲ. ಮುಂದಿನ ಪ್ರದರ್ಶನದಲ್ಲಿ ಸಭೆ ಹೆದರಿದ್ದನ್ನು ಅವರೇ ನೋಡಿದರು.

ಗಂಡ ಜಾನ್‌ನನ್ನು ಒಮ್ಮೆ ರಂಗಕ್ಕೆ ತಂದು ನೋಡಿದೆವು. ಜನರ ಕಣ್ಣೆಲ್ಲ ಅವನ ಮೇಲೆ. ತೆಗೆದುಬಿಟ್ಟೆ. ಕತೆಯಲ್ಲೂ ಅವನ ಮಾತು ನಮಗೆ ಸಿಗೋದು ಅವಳ ಬರವಣಿಗೆಯಿಂದ ಮಾತ್ರ ಅಲ್ವಾ? ಈಗ ಅವನ ಮಾತನ್ನೂ ಅವಳೇ ಆಡುತ್ತಾಳೆ, ಅಕ್ಕರೆಯ ದನಿಯಲ್ಲಿ. ಆ ಅಕ್ಕರೆ ಬಿಡಬಾರದು. ಗಿಲ್‌ಮನ್ ಎತ್ತಿ ತೋರಿಸಿದ್ದು ಚಿಕಿತ್ಸೆಯ ತಪ್ಪನ್ನು. 1887ರಲ್ಲಿ ಫಿಲಡೆಲ್ಫಿಯಾದ ಡಾಕ್ಟರ್ ವೀರ್ ಮಿಚೆಲ್ ಅವರಿಗೇ ವಿಶ್ರಾಂತಿ ಚಿಕಿತ್ಸೆ (ಕೆಲಸವೆಲ್ಲ ಬಿಡಿಸಿ ಹಾಸಿಗೆಯಲ್ಲೇ ಇರಿಸೋದು) ಕೊಟ್ಟು, ಇನ್ನು ಪೆನ್ನು ಮುಟ್ಟಬೇಡಿ ಎಂದು ಕಳಿಸಿದ್ದರು. ಜಾನ್ ಕೆಟ್ಟವನಾದರೆ ಸಭೆ ಅವನನ್ನು ಬೈದು ಮನೆಗೆ ಹೋಗುತ್ತದೆ, ಅಷ್ಟೇ.

ಇನ್ನೊಂದು ಪ್ರಯೋಗ ಹೇಳಲೇಬೇಕು. ಕತೆಯನ್ನು ಮಂಗಳೂರಿನ ಹಂಚಿನ ಮನೆಗೆ ತಂದು, ಆಟಿ ತಿಂಗಳ ಮಳೆ, ಪಸೆ ಹಿಡಿದ ಗೋಡೆ, ಬಾಣಂತಿ ಕೋಣೆ ಅಂತ ಪೂರ್ತಿ ಬರೆದಿದ್ದೆ. ಸೊಗಸಾಗಿತ್ತು, ಆದರೆ ನಿಲ್ಲಲಿಲ್ಲ. ನಮ್ಮ ಬಾಣಂತನದಲ್ಲಿ ಅಮ್ಮ, ದೊಡ್ಡಮ್ಮ, ನೀರು ಹಾಕುವವರು ಅಂತ ಕೋಣೆ ತುಂಬ ಹೆಂಗಸರು. ಈ ಕತೆಗೆ ಬೇಕಾದ ಒಂಟಿತನ ಅಲ್ಲಿ ಹುಟ್ಟೋದಿಲ್ಲ. ಅಮೆರಿಕದಲ್ಲೇ ಬಿಟ್ಟೆ.

ದುಡ್ಡಿನ ವಿಷಯ. ಅವಳು ಪ್ರತಿ ಸಲ ಕಾಗದ ಹರಿಯಬೇಕು. ಅಂಗಡಿಯ ವಾಲ್‌ಪೇಪರ್ ಒಂದು ಪ್ರದರ್ಶನಕ್ಕೆ ಹತ್ತಿರ ಹತ್ತಿರ ಏಳು ಸಾವಿರ ನುಂಗಿತು. ಕೋರಾ ಬಟ್ಟೆ ಹರಿಯುವಾಗ ಸದ್ದೇ ಸರಿ ಬರಲಿಲ್ಲ, ಮಳೆಗಾಲದಲ್ಲಿ ಬೂಷ್ಟು ಬೇರೆ. ಕೊನೆಗೆ ಬಂದರಿನ ಗುಜರಿ ಅಂಗಡಿಯಿಂದ ಹಳೆ ಪೇಪರ್ ತಂದು, ಮೈದಾ ಅಂಟಿನಲ್ಲಿ ಮೂರು ಪದರ ಅಂಟಿಸಿ ಹಳದಿ ಬಳಿದೆವು. ಮುನ್ನೂರು, ಮುನ್ನೂರೈವತ್ತರಲ್ಲಿ ಮುಗಿಯುತ್ತದೆ. ಅಂಟಿಗೆ ಮೈಲುತುತ್ತು ಸೇರಿಸದಿದ್ದರೆ ಜಿರಲೆ ಬರುತ್ತದೆ. ಬರಿಗೈಯಲ್ಲಿ ಕಲಸಬೇಡಿ, ಅದು ವಿಷ. ಲೈಟಿಗೆ ಮಾತ್ರ ಎಂಟು ಸಾವಿರಕ್ಕಿಂತ ಕಡಿಮೆ ಆಗಿಲ್ಲ. ಒಟ್ಟು ನಲವತ್ತು ಸಾವಿರದ ಆಸುಪಾಸು ಕೈಯಿಂದ ಹಾಕಿದ್ದು, ಅದರಲ್ಲಿ ಮುಕ್ಕಾಲು ಪಾಲು ವಾಪಸ್ ಬಂದಿದೆ.

ಕತೆಯಲ್ಲಿ ಗೋಡೆಯ ಬುಡದಲ್ಲಿ ಕೋಣೆಯ ಸುತ್ತ ಉಜ್ಜಿದ ಗೆರೆಯೊಂದು ಬರುತ್ತದೆ, ಕತೆಯ ಕಟ್ಟೋಣದಲ್ಲಿ ನನಗೆ ಅತಿ ಇಷ್ಟ ಅದು. ಯಾರು ಮಾಡಿದ್ದೆಂದು ಗೊತ್ತಾಗುವ ಎಷ್ಟೋ ಮೊದಲೇ ಅವಳು ಅದನ್ನು ಬರೆದಿರುತ್ತಾಳೆ. ಕೊನೆಯ ದಿನ ಅವಳು ಕೋಣೆಯ ಸುತ್ತ ತೆವಳುವಾಗ ಅವಳ ಭುಜ ಅದಕ್ಕೆ ಸರಿಯಾಗಿ ಕೂರುತ್ತದೆ. ನಮ್ಮಲ್ಲಿ ಆ ಗೆರೆ ಜನರ ಕಣ್ಣೆದುರೇ ಮೂಡುತ್ತದೆ, ಮೂಡುವಾಗ ಮಾತ್ರ ಯಾರಿಗೂ ಗೊತ್ತಾಗೋದಿಲ್ಲ. ಹೇಗೆ ಅನ್ನೋದು ತಂಡದೊಳಗೇ ಇರಲಿ. ಅರಸಿನ ಅಲ್ಲ ಎಂದಷ್ಟೇ ಹೇಳುತ್ತೇನೆ. ಅರಸಿನ ಹಚ್ಚಿದರೆ ಹಾಲ್‌ನ ನೆಲದ ಕಲೆ ಹೋಗೋದಿಲ್ಲ, ಠೇವಣಿಯೂ ಹೋಗುತ್ತದೆ.