ಚಳಿಗಾಲದಲ್ಲಿ ಕೆರೆಯಂಚಿನ ಗಾಳ

ಡಿಸೆಂಬರ್–ಜನವರಿಯಲ್ಲಿ ನಸುಕಿಗೇ ಸೂಳೆಕೆರೆಗೆ ಹೋಗಿ ಗಾಳ ಹಾಕಿ ಕೂತರೆ ಮೈ ನಡುಗುತ್ತದೆಯೇ ಹೊರತು ದಾರಕ್ಕೆ ಕಟ್ಟಿ ತೇಲಿಬಿಟ್ಟ ಬೆಂಡು ನಡುಗುವುದಿಲ್ಲ. ಅಂಚಿನ ತೆಳುನೀರು ರಾತ್ರಿಯಿಡೀ ತಣ್ಣಗಾಗಿ ಮೀನು ಒಳಗಿನ ಆಳಕ್ಕೆ ಸರಿದಿರುತ್ತದೆ. ಬಿಸಿಲೇರಿ ಮೊಣಕಾಲುದ್ದದ ನೀರು ಬೆಚ್ಚಗಾದ ಮೇಲೆಯೇ ಮೇಯಲು ಬರುವುದು. ಹತ್ತೂವರೆಯಿಂದ ನಾಲ್ಕರವರೆಗೆ ಸರಿಯಾದ ಹೊತ್ತು.

ಹೋಗುವ ಮುಂಚೆ ಒಂದು ಮಾತು: ಕೆರೆಗಳ ಮೀನಿನ ಹಕ್ಕು ಸಾಮಾನ್ಯವಾಗಿ ಗುತ್ತಿಗೆಗೆ ಹೋಗಿರುತ್ತದೆ. ಗುತ್ತಿಗೆದಾರರನ್ನೋ ಮೀನುಗಾರರ ಸಂಘವನ್ನೋ ಕೇಳಿಯೇ ಇಳಿಯಿರಿ.

ಈ ಕಾಲದಲ್ಲಿ ಹೆಚ್ಚಾಗಿ ಮೂಡಗಾಳಿ. ಮೇಲಿನ ಬೆಚ್ಚನೆ ನೀರನ್ನು ಅದು ಪಡುವಣ ದಡಕ್ಕೆ ತಳ್ಳುತ್ತದೆ. ಎದುರುಗಾಳಿಗೆ ಎಸೆಯುವುದು ಕಷ್ಟ, ಆದರೂ ಅಲ್ಲೇ ಕೂರಬೇಕು. ಮಳೆಗಾಲದ ರಾಡಿ ಇಳಿದು ನೀರು ತಿಳಿಯಾಗಿರುತ್ತದೆ. ಮಧ್ಯಾಹ್ನ ತಿರುಗಿದ ಮೇಲೆ ಬಿಸಿಲು ಬೆನ್ನಿಗೆ ಬಂದು ನಿಮ್ಮ ನೆರಳು ನೀರ ಮೇಲೆ ಬೀಳುತ್ತದೆ. ಆಗ ನಾಲ್ಕು ಹೆಜ್ಜೆ ಹಿಂದೆ ಸರಿದು ಕೂರಿ.

ಹನ್ನೆರಡು ಅಡಿಯ ಬಿದಿರು ಗಳು, 0.25 ಮಿ.ಮೀ. ನೈಲಾನ್ ದಾರ, ಗಾಳದ ಹತ್ತಿರದ ಒಂದು ಅಡಿ ಮಾತ್ರ 0.20. ಜಿಲೇಬಿ ಮೀನಿಗೆ (ತಿಲಾಪಿಯಾ) 10ನೇ ನಂಬರ್ ಗಾಳ, ರೋಹು–ಗೆಂಡೆಗೆ 6 ಅಥವಾ 8. ನಂಬರ್ ಏರಿದಷ್ಟೂ ಗಾಳ ಸಣ್ಣದು. ಉಲ್ಟಾ ತಿಳಿದು ತಂದರೆ ಜಿಲೇಬಿಯ ಬಾಯಿಗೆ ಹಿಡಿಸುವುದಿಲ್ಲ.

ಬೆಂಡಿಗೆ ಅಂಗಡಿಯ ಪ್ಲಾಸ್ಟಿಕ್‌ಗಿಂತ ಜೋಳದ ದಂಟೇ ಮೇಲು. ಒಣಗಿದ ದಂಟಿನ ಸಿಪ್ಪೆ ಸುಲಿದು, ಕಿರುಬೆರಳ ದಪ್ಪಕ್ಕೆ ಎರಡು ಇಂಚು ಕತ್ತರಿಸಿ, ನಡುವೆ ತೆಂಗಿನ ಪೊರಕೆಯ ಕಡ್ಡಿ ತೂರಿಸಿ. ಮೇಣದಬತ್ತಿಯ ಮೇಣ ಕರಗಿಸಿ ಸುತ್ತಲೂ ಸವರಲೇಬೇಕು, ಇಲ್ಲವಾದರೆ ನೀರು ಕುಡಿದು ಬೆಂಡು ತಾನೇ ಮುಳುಗತೊಡಗುತ್ತದೆ, ನೀವು ಮೀನು ಎಳೆಯಿತೆಂದು ಗಳು ಎತ್ತುತ್ತಲೇ ಇರುತ್ತೀರಿ. ಬೆಂಡಿನ ತುದಿ ಉಗುರಿನಷ್ಟೇ ಮೇಲೆ ಕಾಣುವವರೆಗೆ ದಾರಕ್ಕೆ ಸೀಸದ ಗುಂಡು ಸೇರಿಸಿ. ಚಳಿಗೆ ಮಂಕಾದ ಮೀನು ಎರೆಯನ್ನು, ಅಂದರೆ ಗಾಳಕ್ಕೆ ಮೆತ್ತಿದ ತಿನಿಸನ್ನು, ಚೀಪಿ ನೋಡಿ ಉಗುಳುತ್ತದೆ. ಬೆಂಡು ಭಾರವೆನಿಸಿದರೆ ಅಲ್ಲಿಗೇ ಬಿಡುತ್ತದೆ.

ಆಳ ಅಳೆಯಲು ಗಾಳಕ್ಕೊಂದು ದಪ್ಪ ಸೀಸ ಚುಚ್ಚಿ ಬಿಡಿ. ಬೆಂಡು ಪೂರ್ತಿ ಮುಳುಗಿದರೆ ಮೇಲಕ್ಕೆ ಸರಿಸಿ, ಅಡ್ಡ ಮಲಗಿದರೆ ಕೆಳಕ್ಕೆ. ತುದಿ ಮಾತ್ರ ಕಂಡರೆ ಅಳತೆ ಸರಿ. ಆದರೆ ನಮ್ಮ ಕೆರೆಗಳ ತಳದಲ್ಲಿ ಹೂಳಿದೆ, ಎರೆ ಅದರೊಳಗೆ ಹೂತರೆ ಮೀನಿಗೆ ಕಾಣುವುದೇ ಇಲ್ಲ. ಜೋಳದ ದಂಟಿನ ಉಳಿದ ತಿರುಳಿನಿಂದ ಕಡಲೆಕಾಳಿನಷ್ಟು ಚೂರು ಕಿತ್ತು ಗಾಳಕ್ಕೆ ಮೊದಲು ಚುಚ್ಚಿ, ಮೇಲೆ ಎರೆ ಮೆತ್ತಿ. ಹೂಳಿನ ಮೇಲೆ ಎರೆ ತೇಲಿದಂತೆ ನಿಲ್ಲುತ್ತದೆ. ತೇಲಿ ಪೂರ್ತಿ ಮೇಲಕ್ಕೇ ಬಂದರೆ ಚೂರು ದೊಡ್ಡದಾಯಿತೆಂದು ಲೆಕ್ಕ.

ಎರೆಗೆ ಕಡಲೆಕಾಯಿ ಹಿಂಡಿ ಪುಡಿ 100 ಗ್ರಾಂ, ರಾಗಿ ಹಿಟ್ಟು 100 ಗ್ರಾಂ, ಮೈದಾ 25 ಗ್ರಾಂ. ಬಿಸಿನೀರು ಚಿಮುಕಿಸಿ ಚಪಾತಿ ಹಿಟ್ಟಿನ ಹದಕ್ಕೆ ನಾದಿ. ಮೈದಾ ಹೆಚ್ಚಾದರೆ ರಬ್ಬರಾಗಿ ಗಾಳದ ಮೊನೆ ಒಳಗೇ ಉಳಿಯುತ್ತದೆ. ಮೀನು ಕೂಡಿಸಲು ಮಂಡಕ್ಕಿ ಪುಡಿ ಎರಡು ಹಿಡಿ, ಹಿಂಡಿ ಒಂದು ಹಿಡಿ, ಎರಡನ್ನೂ ನೆನೆಸಿ ಉಂಡೆ ಮಾಡಿ. ಇಡೀ ಮಂಡಕ್ಕಿ ಎಸೆದರೆ ತೇಲಿಕೊಂಡು ಹೋಗುತ್ತದೆ, ಮರಿಗಳಿಗಷ್ಟೇ ಹಬ್ಬ. ಮೊದಲಿಗೆ ನಿಂಬೆಗಾತ್ರದ ಒಂದು ಉಂಡೆ, ಆಮೇಲೆ ಅರ್ಧ ಗಂಟೆಗೊಂದು ಗೋಲಿಗಾತ್ರದ್ದು. ಚಳಿಯಲ್ಲಿ ಮೀನಿಗೆ ಅರಗುವುದು ನಿಧಾನ, ಹೊಟ್ಟೆ ತುಂಬಿಸಿಬಿಟ್ಟರೆ ಗಾಳದ ಕಡೆ ತಿರುಗಿಯೂ ನೋಡದು.

ಬೆಂಡು ಗುಳುಂ ಎನ್ನಲಿ ಎಂದು ಕಾಯಬೇಡಿ. ಕಡ್ಡಿ ಸ್ವಲ್ಪ ಮೇಲೆದ್ದರೆ ಮೀನು ಎರೆ ಎತ್ತಿದೆ. ಪಕ್ಕಕ್ಕೆ ಮೆಲ್ಲನೆ ಸರಿದರೆ ಬಾಯಲ್ಲಿಟ್ಟು ಹೊರಟಿದೆ. ಮಣಿಕಟ್ಟಷ್ಟೇ ತಿರುಗಿಸಿ ಎಳೆಯಿರಿ, ಜೋರಾದರೆ 0.20 ದಾರ ಕಡಿಯುತ್ತದೆ. ಮುಳುಗಿದ ಜಾಲಿ ಮುಳ್ಳಿಗೆ ಗಾಳ ಸಿಕ್ಕಿಕೊಂಡರೆ ಗಳು ಎತ್ತಿ ಜಗ್ಗಬೇಡಿ, ತುದಿ ಮುರಿಯುತ್ತದೆ. ಗಳು ಕೆಳಗಿಟ್ಟು, ಕೈಗೆ ಬಟ್ಟೆ ಸುತ್ತಿ, ದಾರವನ್ನೇ ನೇರವಾಗಿ ಎಳೆಯಿರಿ.