ಚೀಟಿಯಲ್ಲಿ ಬರೆಯದೇ ಉಳಿದದ್ದು: ಮಗು ಬಿದ್ದ ರಾತ್ರಿಯ ನನ್ನ ಅನುಭವ

ಹಾಸನದ ಒಂದು ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ನಾನು ಹನ್ನೊಂದು ವರ್ಷಗಳಿಂದ ನರ್ಸ್ ಆಗಿದ್ದೇನೆ. ಮಂಚದಿಂದಲೋ ಮೆಟ್ಟಿಲಿನಿಂದಲೋ ಬಿದ್ದ ಮಗುವನ್ನು ಎದೆಗೆ ಅವಚಿಕೊಂಡು, ಕಾಲಿಗೆ ಚಪ್ಪಲಿಯನ್ನೂ ಮೆಟ್ಟದೆ ಓಡಿಬರುವ ತಂದೆತಾಯಂದಿರನ್ನು ಎಷ್ಟೋ ಸಲ ನೋಡಿದ್ದೇನೆ. ವೈದ್ಯರು ಪರೀಕ್ಷಿಸಿ ಮನೆಗೆ ಕರೆದುಕೊಂಡು ಹೋಗಬಹುದು ಎಂದ ಮೇಲೆ ಅವರ ಕೈಗೆ ಒಂದು ಚೀಟಿ ಕೊಟ್ಟು, ಯಾವ ಲಕ್ಷಣ ಕಂಡರೆ ತಡಮಾಡದೆ ವಾಪಸು ಬರಬೇಕು ಎಂದು ಓದಿ ಹೇಳುವುದು ನನ್ನ ಕೆಲಸ. ಆ ಚೀಟಿ ನನಗೆ ಬಾಯಿಪಾಠವಾಗಿತ್ತು. ಕಳೆದ ವರ್ಷ ಆಷಾಢದ ಒಂದು ಸಂಜೆ ಅದೇ ಬಗೆಯ ಚೀಟಿ ನನ್ನ ಕೈಗೇ ಬಂದಾಗ, ಏನನ್ನು ಗಮನಿಸಬೇಕು ಎಂಬುದನ್ನು ಹೇಳುವ ಆ ಕಾಗದ ಬೆಳಗಿನವರೆಗಿನ ಹೊತ್ತನ್ನು ಹೇಗೆ ಕಳೆಯಬೇಕು ಎಂಬುದರ ಬಗ್ಗೆ ಒಂದು ಮಾತನ್ನೂ ಆಡುವುದಿಲ್ಲ ಎಂಬುದು ನನಗೆ ಮೊದಲ ಬಾರಿಗೆ ಕಂಡಿತು.

ಮಗಳಿಗೆ ಆಗ ಒಂದು ವರ್ಷ ಎರಡು ತಿಂಗಳು. ನಾನು ಡ್ಯೂಟಿ ಮುಗಿಸಿ ಬಂದು ಹಿತ್ತಿಲಲ್ಲಿ ಕೈಕಾಲು ತೊಳೆಯುತ್ತಿದ್ದೆ. ಅತ್ತೆ ಮಗುವನ್ನು ನಡುಮನೆಯ ದಿವಾನದ ಮೇಲೆ ಕೂರಿಸಿ, ಒಲೆಯ ಮೇಲಿದ್ದ ಹಾಲು ಉಕ್ಕೀತೆಂದು ಎರಡು ಹೆಜ್ಜೆ ಅಡುಗೆಮನೆಯ ಕಡೆಗೆ ಹೋಗಿದ್ದರು. ದಡ್ ಎಂಬ ಸದ್ದು, ಅದರ ಬೆನ್ನಿಗೇ ಚೀರಾಟ. ನಾನು ಒಳಗೆ ಬರುವಷ್ಟರಲ್ಲಿ ಅತ್ತೆ ಮಗುವನ್ನು ಎತ್ತಿಕೊಂಡು ಗೋಡೆಗೆ ಒರಗಿ ನಡುಗುತ್ತಿದ್ದರು. ಮಗುವಿನ ಹಣೆಯ ಬಲಭಾಗದಲ್ಲಿ ನಿಂಬೆಹಣ್ಣಿನ ಹೋಳಿನಷ್ಟು ಬುಗುಟೆ ನೋಡನೋಡುತ್ತಿದ್ದಂತೆಯೇ ಎದ್ದಿತ್ತು. ನೆತ್ತಿಯ ಚರ್ಮದಲ್ಲಿ ರಕ್ತನಾಳಗಳು ಹೇರಳ, ಅದರ ಕೆಳಗೇ ಮೂಳೆ, ಆದ್ದರಿಂದ ಸಣ್ಣ ಪೆಟ್ಟಿಗೂ ತಲೆಯ ಬುಗುಟೆ ಬೇಗ ದೊಡ್ಡದಾಗುತ್ತದೆ ಎಂದು ಎಷ್ಟು ಜನಕ್ಕೆ ವಿವರಿಸಿಲ್ಲ ನಾನು! ಆ ಕ್ಷಣದಲ್ಲಿ ಅದೊಂದೂ ನೆನಪಿಗೆ ಬರಲಿಲ್ಲ. ಅತ್ತೆ ಸ್ಟೀಲ್ ಲೋಟ ತಂದು ಬುಗುಟೆಯನ್ನು ಒತ್ತಲು ಹೋದಾಗ, "ಬೇಡ ಅತ್ತೆ, ಉಜ್ಜಬಾರದು, ಒತ್ತಬಾರದು" ಎಂದು ನಾನು ಕಿರುಚಿದ್ದು ಮಾತ್ರ ನೆನಪಿದೆ. ಆ ಕಿರುಚಾಟದ ಲೆಕ್ಕ ತೀರಿಸಲು ನನಗೆ ಮುಂದೆ ಬಹಳ ದಿನ ಬೇಕಾಯಿತು.

ಬಿದ್ದ ತಕ್ಷಣ ಮಗು ಅತ್ತಿತ್ತು, ಅಂದರೆ ಪ್ರಜ್ಞೆ ತಪ್ಪಿರಲಿಲ್ಲ. ದಿವಾನದ ಎತ್ತರ ಒಂದೂವರೆ ಅಡಿ. ಕಿವಿಯಿಂದ, ಮೂಗಿನಿಂದ ರಕ್ತವಾಗಲಿ ನೀರಿನಂಥ ದ್ರವವಾಗಲಿ ಬಂದಿರಲಿಲ್ಲ. ಹತ್ತು ನಿಮಿಷದಲ್ಲಿ ಅಳು ನಿಂತು ಎದೆಹಾಲಿಗೆ ಬಾಯಿ ಹಾಕಿತು. ಇವೆಲ್ಲವೂ ಸಮಾಧಾನದ ಸಂಗತಿಗಳೇ. ಆದರೆ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ, ಆಟೋದಲ್ಲಿ, ಕುಡಿದ ಹಾಲನ್ನೆಲ್ಲ ಒಮ್ಮೆ ಕಕ್ಕಿಬಿಟ್ಟಿತು. ಅಲ್ಲಿಗೆ ನನ್ನೊಳಗಿದ್ದ ನರ್ಸ್ ಕಾಣೆಯಾದಳು.

ಮಕ್ಕಳ ವೈದ್ಯರು ಮಗುವನ್ನು ಅವಸರವಿಲ್ಲದೆ ನೋಡಿದರು. ತಲೆಯನ್ನು ಸುತ್ತಲೂ ಬೆರಳಿನಿಂದ ಮುಟ್ಟಿ ಮೂಳೆ ಎಲ್ಲಾದರೂ ತಗ್ಗಿದೆಯೇ ಎಂದು ಪರೀಕ್ಷಿಸಿದರು, ಕೊರಳಿನ ಸ್ಟೆತಸ್ಕೋಪನ್ನು ಅದರ ಮುಂದೆ ಆಡಿಸಿ ಎರಡೂ ಕೈ ಚಾಚುತ್ತದೆಯೇ ಎಂದು ನೋಡಿದರು. ನಾನು ಕೇಳಿದ ಮೊದಲ ಮಾತು, "ಸರ್, ಒಂದು ಸಿ.ಟಿ. ಸ್ಕ್ಯಾನ್ ಮಾಡಿಸೋಣ." ಅವರು ಬೇಡ ಎಂದರು, ಏಕೆ ಬೇಡ ಎಂಬುದನ್ನೂ ಕೂತು ಹೇಳಿದರು. ಅಮೆರಿಕದ 25 ಆಸ್ಪತ್ರೆಗಳ ತುರ್ತು ವಿಭಾಗಗಳಿಗೆ ತಲೆಗೆ ಪೆಟ್ಟಾಗಿ, ಆದರೆ ಹೆಚ್ಚುಕಡಿಮೆ ಪೂರ್ಣ ಎಚ್ಚರದಲ್ಲಿಯೇ ಬಂದ 42,412 ಮಕ್ಕಳನ್ನು ಗಮನಿಸಿದ ದೊಡ್ಡ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಅವರಲ್ಲಿ ಗಂಭೀರವೆನಿಸುವ ಮಿದುಳಿನ ಗಾಯ ಕಂಡದ್ದು 376 ಮಕ್ಕಳಲ್ಲಿ, ಎಂದರೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಎರಡು ವರ್ಷದೊಳಗಿನ ಮಗು ಮೂರು ಅಡಿಗಿಂತ ಎತ್ತರದಿಂದ ಬಿದ್ದಿದ್ದರೆ, ಐದು ಸೆಕೆಂಡಾದರೂ ಪ್ರಜ್ಞೆ ತಪ್ಪಿದ್ದರೆ, ಬುಗುಟೆ ಹಣೆಯ ಮೇಲಲ್ಲದೆ ತಲೆಯ ಪಕ್ಕದಲ್ಲಿಯೋ ಹಿಂಭಾಗದಲ್ಲಿಯೋ ಇದ್ದರೆ, ಮೂಳೆ ಮುರಿದಂತೆ ಕೈಗೆ ಸಿಕ್ಕರೆ, ಮಂಕಾಗಿದ್ದರೆ, ಅಥವಾ ಹೆತ್ತವರ ಕಣ್ಣಿಗೇ ಮಗು ಎಂದಿನಂತಿಲ್ಲ ಎನಿಸಿದರೆ ಮಾತು ಬೇರೆಯಾಗುತ್ತದೆ ಎಂದೂ, ಇವು ಒಂದೂ ಇಲ್ಲದ ಮಗುವಿನಲ್ಲಿ ಅಪಾಯ ತೀರ ಅಪರೂಪವೆಂದೂ ಆ ಅಧ್ಯಯನ ತೋರಿಸಿತ್ತು. ಸ್ಕ್ಯಾನಿನ ವಿಕಿರಣ ದೊಡ್ಡವರಿಗಿಂತ ಎಳೆಯ ಮಕ್ಕಳಿಗೆ ಹೆಚ್ಚು ಹಾನಿಕರ. ಅಲುಗಾಡದೆ ಮಲಗಿಸಲು ಕೆಲವೊಮ್ಮೆ ನಿದ್ದೆಯ ಔಷಧವನ್ನೂ ಕೊಡಬೇಕಾಗುತ್ತದೆ. "ಸಿಸ್ಟರ್, ಸ್ಕ್ಯಾನ್ ಬೇಕಾಗಿರೋದು ಪಾಪುಗೋ ನಿಮಗೋ?" ಎಂದು ಅವರು ಕೇಳಿದಾಗ ನನಗೆ ಸಿಟ್ಟು ಬಂತು. ಬೇಕಾಗಿದ್ದುದು ನನಗೇ ಎಂದು ಒಪ್ಪಿಕೊಳ್ಳಲು ಆ ರಾತ್ರಿಯೆಲ್ಲ ಹಿಡಿಯಿತು.

ನಾಲ್ಕು ಗಂಟೆ ಅಲ್ಲಿಯೇ ಇರಿಸಿಕೊಂಡು, ಮತ್ತೆ ವಾಂತಿಯಾಗದೆ ಮಗು ಮಂಚದ ಕಂಬಿಯನ್ನು ಹಿಡಿದು ಕುಣಿಯತೊಡಗಿದ ಮೇಲೆ ನಮ್ಮನ್ನು ಕಳುಹಿಸಿದರು.

ಮನೆಗೆ ಬಂದ ಮೇಲಿನ ಮೊದಲ ಒಂದು ಗಂಟೆ ಅತ್ಯಂತ ಕೆಟ್ಟದಾಗಿತ್ತು. ವೈದ್ಯರು ಹೇಳಿದ ಅಂಕಿಗಳು ಅರ್ಧ ಗಂಟೆಯವರೆಗೆ ನನ್ನನ್ನು ಹಿಡಿದು ನಿಲ್ಲಿಸಿದವು. ಆಮೇಲೆ, ಆ 376ರಲ್ಲಿ ನಮ್ಮ ಮಗುವೂ ಒಂದಾಗಿದ್ದರೆ ಎಂಬ ಪ್ರಶ್ನೆ ಎದ್ದಿತು. ಆಸ್ಪತ್ರೆಯ ಕೆಲಸ ಮಾಡುವವರಿಗೆ ಇದೊಂದು ಶಾಪ. ಚೀಟಿ ಹಿಡಿದು ನಗುತ್ತ ಮನೆಗೆ ಹೋದ ನೂರಾರು ಮಕ್ಕಳ ಮುಖ ನೆನಪಿನಲ್ಲಿ ನಿಲ್ಲುವುದಿಲ್ಲ. ಪೆಟ್ಟಾದ ಮೇಲೆ ಕೆಲವು ಗಂಟೆ ಚೆನ್ನಾಗಿಯೇ ಇದ್ದು, ತಲೆಬುರುಡೆಯ ಒಳಗೆ ರಕ್ತ ಶೇಖರವಾಗಿ ಕುಸಿದುಬಿದ್ದ ಒಂದೇ ಒಂದು ರೋಗಿಯ ಮುಖ ಮಾತ್ರ ಅಚ್ಚೊತ್ತಿದಂತೆ ಉಳಿದಿರುತ್ತದೆ. ಮಗು ನಿದ್ದೆಹೋಗಿತ್ತು. ನಾನು ಐದು ನಿಮಿಷಕ್ಕೊಮ್ಮೆ ಮೂಗಿನ ಬಳಿ ಬೆರಳಿಡುತ್ತಿದ್ದೆ, ಮೊಬೈಲಿನ ಟಾರ್ಚ್ ಹಾಕಿ ರೆಪ್ಪೆ ಎತ್ತಿ ಕಣ್ಣಿನ ಪಾಪೆ ನೋಡುತ್ತಿದ್ದೆ, ಹೆಚ್ಚುಕಡಿಮೆ ಮುಚ್ಚಿಯೇ ಹೋಗಿದ್ದ ನೆತ್ತಿಯ ಮೆತ್ತನೆಯ ಜಾಗವನ್ನು ಮುಟ್ಟಿ ಉಬ್ಬಿದೆಯೇ ಎಂದು ಅಂದಾಜು ಮಾಡುತ್ತಿದ್ದೆ. ಮೂರನೆಯ ಸಲ ಟಾರ್ಚ್ ಬಿಟ್ಟಾಗ ಮಗು ಎದ್ದು ರಚ್ಚೆ ಹಿಡಿಯಿತು. ಈ ಅಳು ತಲೆನೋವಿನದೇ, ನಾನೇ ಎಬ್ಬಿಸಿದ್ದರಿಂದ ಬಂದದ್ದೇ ಎಂದು ನನಗೇ ತಿಳಿಯದಾಯಿತು. ಅಂದರೆ, ಗಮನಿಸುವ ಹೆಸರಿನಲ್ಲಿ ಗಮನಿಸಬೇಕಾದದ್ದನ್ನೇ ನಾನು ಕೆಡಿಸುತ್ತಿದ್ದೆ.

ಆಗ ನಮ್ಮ ಯಜಮಾನರು ಒಂದು ಹಳೆಯ ನೋಟ್‌ಬುಕ್ ತಂದು ಮುಂದಿಟ್ಟು, "ವಾರ್ಡಿನಲ್ಲಾಗಿದ್ದರೆ ಏನು ಮಾಡ್ತಿದ್ದೆ? ಅದನ್ನೇ ಮಾಡು" ಎಂದರು. ವಾರ್ಡಿನಲ್ಲಿ ನಾವು ಹೊತ್ತುಹೊತ್ತಿಗೆ ನೋಡಿ ಬರೆಯುತ್ತೇವೆ, ಬರೆದ ಮೇಲೆ ಮುಂದಿನ ಹೊತ್ತಿನವರೆಗೆ ಬೇರೆ ಕೆಲಸ ಮಾಡುತ್ತೇವೆ. ಪೆಟ್ಟಾದ ಮಗುವನ್ನು ರಾತ್ರಿಯಿಡೀ ಮಲಗಗೊಡಬಾರದು ಎಂಬುದು ಹಳೆಯ ನಂಬಿಕೆ. ವೈದ್ಯರು ನೋಡಿ ಸರಿಯಾಗಿದೆ ಎಂದ ಮಗು ಮಲಗಲಿ, ಮೊದಲ ರಾತ್ರಿ ಎರಡು ಮೂರು ಬಾರಿ ಮೆಲ್ಲನೆ ಮುಟ್ಟಿ ಎಚ್ಚರಿಸಿ ನೋಡಿದರೆ ಸಾಕು ಎಂದು ನಮಗೆ ಹೇಳಿದ್ದರು. ನಾನು ಹನ್ನೆರಡು, ಮೂರು ಮತ್ತು ಆರು ಗಂಟೆಗಳನ್ನು ಬರೆದು ಎದುರಿಗೆ ಖಾಲಿ ಜಾಗ ಬಿಟ್ಟೆ. ಪ್ರತಿ ಬಾರಿಯೂ ನಾಲ್ಕೇ ಸಂಗತಿ: ಮುಟ್ಟಿದರೆ ಎಂದಿನಂತೆ ಮಿಸುಕಿ ಕಣ್ಣು ಬಿಡುತ್ತದೆಯೇ, ನನ್ನ ಗುರುತು ಹಿಡಿಯುತ್ತದೆಯೇ, ಕೈಕಾಲು ಎರಡೂ ಕಡೆ ಸಮನಾಗಿ ಆಡುತ್ತದೆಯೇ, ವಾಂತಿಯಾಗಿದೆಯೇ. ಕಣ್ಣಿನ ಪಾಪೆಯನ್ನು ಪಟ್ಟಿಯಿಂದ ತೆಗೆದುಹಾಕಿದೆ. ಪಾಪೆ ಹಿಗ್ಗುವುದು ಸಾಮಾನ್ಯವಾಗಿ ಬಹಳ ತಡವಾಗಿ ಕಾಣುವ ಲಕ್ಷಣ; ಅಷ್ಟರೊಳಗೆ ಮಗುವಿನ ಎಚ್ಚರದಲ್ಲಿಯೇ ವ್ಯತ್ಯಾಸ ಕಂಡಿರುತ್ತದೆ. ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದಿರುವುದು, ಫಿಟ್ಸ್, ಒಂದು ಕಡೆಯ ಕೈಕಾಲಿನ ಸೋಲು, ಎತ್ತಿಕೊಂಡರೂ ನಿಲ್ಲದ ಅಳು, ಇವುಗಳನ್ನು ಪುಟದ ಮೇಲ್ಭಾಗದಲ್ಲಿ ಕೆಂಪು ಶಾಯಿಯಲ್ಲಿ ಬರೆದು, ಪಕ್ಕದಲ್ಲಿ 108 ಎಂದು ಬರೆದೆ. ಇವುಗಳಲ್ಲಿ ಒಂದು ಕಂಡರೂ ಯಾರನ್ನೂ ಕೇಳದೆ ಹೊರಡುವುದು. ಕಾಣದಿದ್ದರೆ ಮುಂದಿನ ಹೊತ್ತಿನವರೆಗೆ ಮಗುವನ್ನು ಮುಟ್ಟದಿರುವುದು. ಎರಡನೆಯ ನಿಯಮವನ್ನು ಪಾಲಿಸುವುದೇ ಕಷ್ಟವಾಯಿತು. ಒಂದೂವರೆಗೆ ಎದ್ದು ಕುಳಿತೆ. ಮುಟ್ಟಲಿಲ್ಲ, ಮಗುವಿನ ಎದೆ ಏರಿ ಇಳಿಯುವುದನ್ನು ದೂರದಿಂದಲೇ ನೋಡಿದೆ. ಮೂರು ಗಂಟೆಗೆ ಕೆನ್ನೆ ಮುಟ್ಟಿದಾಗ ಮಗು ನನ್ನ ಕೈಯನ್ನು ಪಕ್ಕಕ್ಕೆ ತಳ್ಳಿ, ಮುಖ ಸಿಂಡರಿಸಿಕೊಂಡು ಆ ಕಡೆ ಹೊರಳಿತು. "3.00, ಕೈ ತಳ್ಳಿದಳು, ಸಿಟ್ಟು" ಎಂದು ಬರೆದ ಸಾಲು ಈಗಲೂ ಆ ಪುಸ್ತಕದಲ್ಲಿದೆ.

ಅಂತರ್ಜಾಲದಲ್ಲಿ ಹುಡುಕುವುದನ್ನು ಆ ರಾತ್ರಿಯೇ ನಿಲ್ಲಿಸಿದೆ. ಪ್ರಶ್ನೆ ಎದ್ದರೆ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಡುವುದು, ಬೆಳಿಗ್ಗೆ ಒಬ್ಬ ವೈದ್ಯರನ್ನು ಮಾತ್ರ ಕೇಳುವುದು ಎಂದು ಗೊತ್ತುಮಾಡಿಕೊಂಡೆ. ಬೆಳಗಾಗುವಷ್ಟರಲ್ಲಿ ಒಂಬತ್ತು ಪ್ರಶ್ನೆಗಳಿದ್ದವು, ಬೆಳಕಿನಲ್ಲಿ ಓದಿದಾಗ ಏಳನ್ನು ನಾನೇ ಹೊಡೆದುಹಾಕಿದೆ.

ಮೂರನೆಯ ದಿನ ಬುಗುಟೆ ತಗ್ಗಿ, ಬಲಗಣ್ಣಿನ ರೆಪ್ಪೆ ನೀಲಿಗಟ್ಟಿ ಊದಿತು. ಹಣೆಯಲ್ಲಿ ಹೆಪ್ಪುಗಟ್ಟಿದ ರಕ್ತ ಕೆಳಕ್ಕೆ ಜಾರಿ ಕಣ್ಣಿನ ಸುತ್ತ ಇಳಿಯುವುದುಂಟು ಎಂದು ಗೊತ್ತಿದ್ದರೂ, ಕಣ್ಣಿನ ಸುತ್ತಲಿನ ಕಪ್ಪು ಕಲೆ ಬುರುಡೆಯ ತಳದ ಮೂಳೆ ಮುರಿದಾಗಲೂ ಬರುತ್ತದೆ ಎಂಬುದೂ ಗೊತ್ತಿತ್ತು. ಅರ್ಧ ತಿಳಿದವರ ಕಷ್ಟವೆಂದರೆ ಇದೇ. ಮನೆಯಲ್ಲೇ ಕುಳಿತು ತೀರ್ಮಾನಿಸುವ ಬದಲು ಮಗುವನ್ನು ಎತ್ತಿಕೊಂಡು ಹೋಗಿ ತೋರಿಸಿದೆ. ವೈದ್ಯರು ನೋಡಿ, ಇದು ಇಳಿದ ರಕ್ತವೇ ಎಂದರು, ಎರಡೇ ನಿಮಿಷದ ಕೆಲಸ. ಸುಮ್ಮನೆ ಬಂದೆನಲ್ಲ ಎಂದು ನಾಚಿಕೆಯಾಯಿತು, ಆದರೆ ಆ ರಾತ್ರಿ ನಾನು ಐದು ಗಂಟೆ ನಿದ್ದೆ ಮಾಡಿದೆ.

ಮಗು ವಾರದಲ್ಲಿ ಸರಿಹೋಯಿತು. ಸರಿಹೋಗದೆ ಉಳಿದವರು ಮನೆಯಲ್ಲಿ ಇಬ್ಬರಿದ್ದೆವು. ಪಾತ್ರೆ ಬಿದ್ದರೂ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು, ಡ್ಯೂಟಿಯ ನಡುವೆ ಹೊರಗೆ ಬಂದು ವೀಡಿಯೋ ಕರೆ ಮಾಡಿ ಮಗುವನ್ನು ತೋರಿಸಿ ಎನ್ನುತ್ತಿದ್ದೆ, ರಾತ್ರಿ ಮೂರಕ್ಕೆ ಗಡಿಯಾರವಿಲ್ಲದೆಯೇ ಎಚ್ಚರವಾಗುತ್ತಿತ್ತು. ಹೀಗೆ ಮೂರು ವಾರ ಕಳೆದ ಮೇಲೆ ಒಂದು ರಾತ್ರಿ 14416ಕ್ಕೆ, ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಗೆ, ಕರೆ ಮಾಡಿದೆ. ಕನ್ನಡದಲ್ಲಿಯೇ ಮಾತನಾಡಿದ ಆಪ್ತಸಮಾಲೋಚಕಿ ಮಗುವಿನ ಬಗ್ಗೆ ಹೆಚ್ಚು ಕೇಳಲಿಲ್ಲ. ದಿನಕ್ಕೆ ಎಷ್ಟು ಸಲ ನೋಡುತ್ತೀರಿ, ನೋಡಿದ ಮೇಲೆ ಸಮಾಧಾನ ಎಷ್ಟು ಹೊತ್ತು ಉಳಿಯುತ್ತದೆ ಎಂದು ಕೇಳಿದರು. ಎಣಿಸಿ ನೋಡಿದರೆ ಇಪ್ಪತ್ತಕ್ಕೂ ಹೆಚ್ಚು ಸಲ, ಸಮಾಧಾನ ಉಳಿಯುತ್ತಿದ್ದುದು ಹತ್ತು ನಿಮಿಷ. ಮೊದಲ ಮೂರು ದಿನ ನೋಡಿದ್ದು ಮಗುವಿಗಾಗಿ, ಆಮೇಲಿನದೆಲ್ಲ ನನ್ನ ಭಯಕ್ಕಾಗಿ ಎಂಬುದು ಆ ಎಣಿಕೆಯಲ್ಲಿ ಬಯಲಾಯಿತು. ಕರೆಗಳನ್ನು ದಿನಕ್ಕೆ ನಾಲ್ಕಕ್ಕೆ, ಮುಂದಿನ ವಾರ ಎರಡಕ್ಕೆ ಇಳಿಸಿದೆ. ಸುಲಭವಾಗಿರಲಿಲ್ಲ, ಇಳಿಸಿದ ಮೊದಲ ದಿನ ಇಂಜೆಕ್ಷನ್ ಟ್ರೇ ಹಿಡಿದ ಕೈ ನಡುಗಿದ್ದರಿಂದ ಸಹೋದ್ಯೋಗಿಗೆ ಕೊಟ್ಟು ಕುಳಿತುಕೊಂಡೆ.

ಅತ್ತೆಯವರ ವಿಷಯವನ್ನು ನಾನು ತಡವಾಗಿ ಗಮನಿಸಿದೆ. ಬಿದ್ದ ದಿನದಿಂದ ಅವರು ಮಗುವನ್ನು ಎತ್ತಿಕೊಳ್ಳುವುದನ್ನೇ ಬಿಟ್ಟಿದ್ದರು. ಪ್ರತಿ ಸಂಜೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದು ಒಲೆಗೆ ಹಾಕುತ್ತಿದ್ದರು, ನಾನು ಹೊಗೆ ಎಂದು ಗೊಣಗುತ್ತಿದ್ದೆ. ನನಗೆ ನೋಟ್‌ಬುಕ್ ಇದ್ದ ಹಾಗೆ ಅವರಿಗೆ ಅದು ಎಂದು ಹೊಳೆದದ್ದು, ಒಂದು ದಿನ ಅವರು ಪಕ್ಕದ ಮನೆಯವರ ಹತ್ತಿರ, "ನನ್ನ ಕೈಲಿ ಇನ್ನು ಕೂಸು ಕೊಡಬೇಡಿ ಅಂದಿದ್ದೀನಿ" ಎಂದು ಹೇಳುವುದನ್ನು ಕೇಳಿಸಿಕೊಂಡಾಗ. ಅವರನ್ನು ಕೂರಿಸಿಕೊಂಡು, ಆ ಸಂಜೆ ನಾನು ದಿವಾನದ ಹತ್ತಿರ ಇದ್ದಿದ್ದರೂ ಮಗು ಬೀಳಬಹುದಿತ್ತು, ಈ ವಯಸ್ಸಿನ ಮಗುವಿಗೆ ಮೈಯ ಅಳತೆಗೆ ತಲೆ ದೊಡ್ಡದು, ಭಾರ, ಬಿದ್ದರೆ ತಲೆಯೇ ಮೊದಲು ನೆಲ ಮುಟ್ಟುತ್ತದೆ, ನಾನು ಕಿರುಚಿದ್ದು ನಿಮ್ಮ ಮೇಲಲ್ಲ ಎಂದೆ. ಅವರು, "ಹಾಲು ಉಕ್ಕಿದ್ರೆ ಉಕ್ಕಲಿ ಅನ್ನಬೇಕಿತ್ತು ಕಣಮ್ಮ" ಎಂದಷ್ಟೇ ಅಂದರು. ಮಾರನೆಯ ದಿನ ದಿವಾನದ ಹಾಸಿಗೆಯನ್ನು ಇಬ್ಬರೂ ಹಿಡಿದು ಕೆಂಪು ಗಾರೆ ನೆಲದ ಮೇಲೆ ಹಾಸಿದೆವು. ಸಂಬಂಧಿಕರು ಉಡುಗೊರೆ ಕೊಟ್ಟಿದ್ದ, ಮಗು ಕೂತು ಕಾಲಿನಿಂದ ತಳ್ಳಿಕೊಂಡು ಓಡಾಡುವ ಗಾಲಿಯ ವಾಕರ್ ಅಟ್ಟ ಸೇರಿತು. ಕೆನಡಾ ದೇಶ 2004ರಲ್ಲಿಯೇ ನಿಷೇಧಿಸಿದ ವಸ್ತು ಅದು, ನಮ್ಮಲ್ಲಿ ಇನ್ನೂ ಹೆಸರಿಡುವ ದಿನದ ಉಡುಗೊರೆ.

ಈಗ ಡ್ಯೂಟಿಯಲ್ಲಿ ಅದೇ ಚೀಟಿಯನ್ನು ಕೊಡುವಾಗ ನಾನು ಎರಡು ಪ್ರಶ್ನೆ ಹೆಚ್ಚಿಗೆ ಕೇಳುತ್ತೇನೆ. ರಾತ್ರಿ ಯಾವ ಯಾವ ಹೊತ್ತಿಗೆ ನೋಡುತ್ತೀರಿ ಎಂದು ಕೇಳಿ, ಆ ಗಂಟೆಗಳನ್ನು ಚೀಟಿಯ ಹಿಂದೆ ಅವರಿಂದಲೇ ಬರೆಸುತ್ತೇನೆ. ಆಮೇಲೆ, ಬಿದ್ದಾಗ ಮಗು ಯಾರ ಹತ್ತಿರ ಇತ್ತು ಎಂದು ಕೇಳುತ್ತೇನೆ. ಸಾಮಾನ್ಯವಾಗಿ ಅವರು ಬಾಗಿಲ ಬಳಿ, ಎಲ್ಲರಿಗಿಂತ ಹಿಂದೆ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿರುತ್ತಾರೆ. ಅವರನ್ನು ಮುಂದೆ ಕರೆದು, ಮಗುವನ್ನು ಅವರ ಕೈಗೇ ಕೊಡುತ್ತೇನೆ.