ಮಗು ಬರುವ ಮುಂಚೆ ಏನೇನು ತಗೋಬೇಕು? ಸ್ಕಾಟ್ಲೆಂಡ್‌ಗೆ ಹೊಸದಾಗಿ ಬಂದವರಿಗೆ

ಯುಗಾದಿ ಊಟಕ್ಕೆ ಸೇರಿದಾಗ ಯಾರಾದರೂ ಒಬ್ಬರು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳುತ್ತಾರೆ: "ಅಕ್ಕಾ, ನಮಗೆ ಆಗಸ್ಟ್‌ಗೆ ಡೇಟ್ ಕೊಟ್ಟಿದ್ದಾರೆ. ಏನೇನು ತಗೋಬೇಕು, ಸ್ವಲ್ಪ ಹೇಳ್ತೀರಾ?" ಕೇಳುತ್ತಲೇ ಫೋನ್ ತೆಗೆದು ಒಂದು ಪಟ್ಟಿ ತೋರಿಸುತ್ತಾರೆ. ಅರವತ್ತು, ಎಪ್ಪತ್ತು ಸಾಮಾನು. ಮಗುವನ್ನು ಒರೆಸುವ ವೈಪ್ಸ್ ಬೆಚ್ಚಗೆ ಮಾಡುವುದಕ್ಕೂ ಅದರಲ್ಲಿ ಒಂದು ಯಂತ್ರ ಇರುತ್ತದೆ. ಪಟ್ಟಿ ಮಾಡಿದವರು ಯಾರು ಅಂತ ನೋಡಿದರೆ, ಅದನ್ನೆಲ್ಲ ಮಾರುವ ಅಂಗಡಿಯವರೇ.

ಊರಲ್ಲಾದರೆ ಈ ಪ್ರಶ್ನೆಯೇ ಬರುವುದಿಲ್ಲ. ಹುಟ್ಟುವ ಮುಂಚೆ ಏನೂ ತರಬಾರದು ಅಂತ ಹಿರಿಯರು ಹೇಳುತ್ತಾರೆ. ಹುಟ್ಟಿದ ಮೇಲೆ ಅಟ್ಟದಿಂದ ತೊಟ್ಟಿಲು ಇಳಿಯುತ್ತದೆ, ಅಜ್ಜಿಯ ಹಳೆ ಸೀರೆ ಹರಿದು ಲಂಗೋಟಿ ಆಗುತ್ತದೆ. ಇಲ್ಲಿ ಅಟ್ಟ ಇಲ್ಲ. ಅಜ್ಜಿ ಇನ್ನೂ ವೀಸಾಕ್ಕೆ ಕಾಯುತ್ತಿರುತ್ತಾರೆ. ಹಾಗಾಗಿ ಭಯಕ್ಕೇ ಜಾಸ್ತಿ ಕೊಂಡುಬಿಡುತ್ತೇವೆ. ನಾವು ಎಲ್ಲರಿಗೂ ಹೇಳುವುದು ಇಷ್ಟೇ: ಮೊದಲ ಹತ್ತು ದಿನಕ್ಕೆ ಬೇಕಾದ್ದು ಮಾತ್ರ ಮುಂಚೆ ತಗೊಳ್ಳಿ. ಉಳಿದದ್ದನ್ನು ಮಗು ಬಂದ ಮೇಲೆ, ಮಗುವನ್ನೂ ನಿಮ್ಮ ಮನೆಯನ್ನೂ ನೋಡಿಕೊಂಡು ತಗೊಳ್ಳಿ. ಅಂಗಡಿ ಎಲ್ಲೂ ಓಡಿಹೋಗುವುದಿಲ್ಲ.

ಮೊದಲು ಡಬ್ಬ ಬರಲಿ

ಇದು ಹೊಸಬರಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ. ಸ್ಕಾಟ್ಲೆಂಡ್‌ನಲ್ಲಿ ಹುಟ್ಟುವ ಪ್ರತಿ ಮಗುವಿಗೂ ಇಲ್ಲಿನ ಸರ್ಕಾರ ಒಂದು ಬೇಬಿ ಬಾಕ್ಸ್ ಕೊಡುತ್ತದೆ. 2017ರ ಆಗಸ್ಟ್‌ನಿಂದ ಎಲ್ಲರಿಗೂ ಕೊಡುತ್ತಿದ್ದಾರೆ. ಫಿನ್ಲೆಂಡ್‌ನವರು 1938ರಿಂದಲೇ ಕೊಡುತ್ತಿರುವ ಡಬ್ಬ ನೋಡಿ ಕಲಿತದ್ದು. ನಿಮ್ಮ ಸಂಬಳ ಎಷ್ಟು, ಇದು ಎಷ್ಟನೇ ಮಗು, ಯಾರೂ ಕೇಳುವುದಿಲ್ಲ. ದುಡ್ಡೂ ಇಲ್ಲ.

ಒಳಗೆ ಹುಟ್ಟಿದಾಗಿನಿಂದ ಸುಮಾರು ಆರು ತಿಂಗಳವರೆಗಿನ ಬಟ್ಟೆ, ಹಾಸಿಗೆ, ಹೊದಿಕೆ, ಟವೆಲ್, ಜ್ವರ ನೋಡುವ ಥರ್ಮಾಮೀಟರ್, ಸ್ನಾನದ ನೀರಿನ ಥರ್ಮಾಮೀಟರ್, ಬಟ್ಟೆ ಬದಲಿಸುವಾಗ ಹಾಸುವ ಮ್ಯಾಟ್, ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಸ್ಲಿಂಗ್, ಪುಸ್ತಕಗಳು ಇರುತ್ತವೆ. ಆಗಾಗ ಒಂದೆರಡು ಸಾಮಾನು ಬದಲಾಗುತ್ತದೆ. ಡಬ್ಬಕ್ಕೇ ಹಾಸಿಗೆ ಹೊಂದುವುದರಿಂದ ಮೊದಲ ಕೆಲವು ವಾರ ಅದನ್ನೇ ನೆಲದ ಮೇಲಿಟ್ಟು, ಮುಚ್ಚಳ ತೆಗೆದು, ಮಗುವನ್ನು ಮಲಗಿಸಬಹುದು.

ಮಿಡ್‌ವೈಫ್ ಹತ್ತಿರ 20ರಿಂದ 24ನೇ ವಾರದ ಭೇಟಿಯಲ್ಲಿ ಫಾರ್ಮ್ ತುಂಬಿಸಬೇಕು. ಅವರು ಮರೆತರೆ ನೀವೇ ಕೇಳಿ, ಸಂಕೋಚ ಬೇಡ. ಹೆರಿಗೆಗೆ ಕೆಲವು ವಾರ ಮುಂಚೆ ಡಬ್ಬ ಮನೆಗೇ ಬರುತ್ತದೆ. ಅದನ್ನು ಬಿಚ್ಚಿ, ಎಲ್ಲ ಹರಡಿಕೊಂಡು ನೋಡುವವರೆಗೆ ಒಂದು ಜುಬ್ಬವನ್ನೂ ಕೊಳ್ಳಬೇಡಿ. ಇಲ್ಲಿನ ನಮ್ಮ ಕನ್ನಡ ಬಳಗದ ಒಬ್ಬರು ಮೂರು ಥರ್ಮಾಮೀಟರ್ ಇಟ್ಟುಕೊಂಡಿದ್ದಾರೆ. ಮಗು ಒಂದೇ.

ಒಂದು ಎಚ್ಚರಿಕೆ. ಮಕ್ಕಳಿಗೆ ಅಂತ ಸರ್ಕಾರ ಕೊಡುವ ಹಣ, ಅಂದರೆ ಚೈಲ್ಡ್ ಬೆನಿಫಿಟ್ ಬೇರೆ, ಬೇಬಿ ಬಾಕ್ಸ್ ಬೇರೆ. ನಿಮ್ಮ ವೀಸಾದಲ್ಲಿ 'ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್' (ಸರ್ಕಾರದ ಧನಸಹಾಯ ಪಡೆಯುವಂತಿಲ್ಲ) ಅಂತ ಇದ್ದರೆ, ಯಾರೋ ಹೇಳಿದರು ಅಂತ ಚೈಲ್ಡ್ ಬೆನಿಫಿಟ್‌ಗೆ ಅರ್ಜಿ ಹಾಕಬೇಡಿ. ಮುಂದೆ ವೀಸಾಕ್ಕೆ ತೊಂದರೆ ಆಗಬಹುದು. ಮೊದಲು ಸರಿಯಾಗಿ ವಿಚಾರಿಸಿ.

ಕಾರ್ ಸೀಟ್: ಇದರಲ್ಲಿ ಮಾತ್ರ ಜುಗ್ಗತನ ಬೇಡ

ಕಾರಿನಲ್ಲಿ ಮಗುವನ್ನು ಮನೆಗೆ ಕರೆತರುವುದಾದರೆ ಕಾರ್ ಸೀಟ್ ಕಾನೂನಿನಂತೆ ಬೇಕೇ ಬೇಕು. ಮಗುವಿಗೆ 12 ವರ್ಷ ಅಥವಾ 135 ಸೆಂ.ಮೀ. ಎತ್ತರ, ಯಾವುದು ಮೊದಲೋ ಅಲ್ಲಿಯವರೆಗೆ ಬೇಕು. ಐ-ಸೈಜ್ ಅಂತ ಬರೆದ ಸೀಟಾದರೆ 15 ತಿಂಗಳು ದಾಟುವವರೆಗೂ ಹಿಂದಕ್ಕೆ ಮುಖ ಮಾಡಿಯೇ ಕೂರಿಸಬೇಕು. ಗೊತ್ತಿಲ್ಲದವರಿಂದ ಹಳೆ ಸೀಟ್ ಕೊಳ್ಳಬೇಡಿ. ಒಮ್ಮೆ ಅಪಘಾತ ಕಂಡ ಸೀಟ್ ಹೊರಗೆ ಚೆನ್ನಾಗಿಯೇ ಕಾಣುತ್ತದೆ, ಒಳಗೆ ಬಿರುಕು ಬಿಟ್ಟಿರಬಹುದು. ಹೆರಿಗೆಗೆ ಎರಡು ವಾರ ಮುಂಚೆಯೇ ಕಾರಿಗೆ ಕಟ್ಟಿ ನೋಡಿ. ಆಸ್ಪತ್ರೆಯ ಪಾರ್ಕಿಂಗ್‌ನಲ್ಲಿ, ಮಳೆಯಲ್ಲಿ, ಮೊಬೈಲಿನಲ್ಲಿ ವಿಡಿಯೋ ನೋಡುತ್ತಾ ಬೆಲ್ಟ್ ಎಳೆದಾಡುವ ಅಪ್ಪಂದಿರು ಸುಮಾರು ಜನ.

ಚಳಿಗೆ ದಪ್ಪ ಸ್ನೋಸೂಟ್ ಹಾಕಿ ಬೆಲ್ಟ್ ಕಟ್ಟಿದರೆ ಅದು ಸಡಿಲವಾಗಿಯೇ ಉಳಿಯುತ್ತದೆ. ಸ್ನೋಸೂಟ್ ತೆಗೆದು, ಬೆಲ್ಟ್ ಕಟ್ಟಿ, ಆಮೇಲೆ ಮೇಲೆ ಕಂಬಳಿ ಹೊದಿಸಿ. ಮನೆಗೆ ಬಂದ ಮೇಲೆ ಮಗು ನಿದ್ದೆ ಮಾಡುತ್ತಿದೆ ಅಂತ ಸೀಟಿನಲ್ಲೇ ಬಿಡಬೇಡಿ.

ಕಾರೇ ಇಲ್ಲದವರು ಸುಮ್ನೆ ಕೊಳ್ಳುವ ಮುಂಚೆ ಯೋಚಿಸಿ. ಟ್ಯಾಕ್ಸಿಯಲ್ಲಿ ಸೀಟ್ ಇಲ್ಲದೆ ಹೋಗಲು ಕಾನೂನು ಬಿಡುತ್ತದೆ. ಆದರೆ ಅದು ಸುರಕ್ಷಿತ ಅಂತ ಅರ್ಥ ಅಲ್ಲ. ಬಳಗದಲ್ಲಿ ನಿಮಗೆ ಚೆನ್ನಾಗಿ ಗೊತ್ತಿರುವವರ ಸೀಟನ್ನು ಆ ಒಂದು ದಿನಕ್ಕೆ ಕೇಳಬಹುದು.

ಪ್ರಾಮ್ ಕೊಳ್ಳುವ ಮುಂಚೆ ಮೆಟ್ಟಿಲು ಎಣಿಸಿ

ನನ್ನ ತಪ್ಪನ್ನೇ ಹೇಳುತ್ತೇನೆ. ನಮ್ಮದು ಎಡಿನ್‌ಬರಾದ ಹಳೆ ಟೆನಮೆಂಟ್‌ನ ಮೂರನೇ ಮಹಡಿ. ಕಲ್ಲಿನ ಸುರುಳಿ ಮೆಟ್ಟಿಲು, ಲಿಫ್ಟ್ ಇಲ್ಲ. ಅಂಗಡಿಯ ನುಣ್ಣನೆ ನೆಲದ ಮೇಲೆ ಒಂದೇ ಬೆರಳಲ್ಲಿ ತಳ್ಳಿ ತೋರಿಸಿದರು, ಮರುಳಾಗಿ ದೊಡ್ಡ ಮೂರು-ಚಕ್ರದ ಪ್ರಾಮ್ ತಂದೆವು. ಹೆರಿಗೆಯಾಗಿ ಎಂಟನೇ ದಿನ ಮನೆಯಲ್ಲಿ ನಾನೊಬ್ಬಳೇ. ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಪ್ರಾಮಿನ ಹಿಡಿ. ಮೊದಲ ತಿರುವಿನಲ್ಲೇ ಸಿಕ್ಕಿಹಾಕಿಕೊಂಡಿತು. ಕೆಳಗಿನ ಮನೆಯ ಮುದುಕಪ್ಪ ಬಂದು ಚಕ್ರ ಬಿಚ್ಚಿ ಕೊಟ್ಟರು. ಆಮೇಲೆ ಅದನ್ನು ಅರ್ಧ ಬೆಲೆಗೆ ಮಾರಿದೆ. ಬೇಬಿ ಬಾಕ್ಸ್‌ನ ಸ್ಲಿಂಗ್‌ನಲ್ಲೇ ನಾಲ್ಕು ತಿಂಗಳು ಕಳೆಯಿತು.

ಕೆಳಗಿನ ಬಾಗಿಲ ಹತ್ತಿರ ಬಿಟ್ಟರಾಯಿತು ಅಂದುಕೊಳ್ಳಬೇಡಿ. ಎಲ್ಲರೂ ಓಡಾಡುವ ಮೆಟ್ಟಿಲ ಜಾಗದಲ್ಲಿ ಸಾಮಾನು ಇಡಬೇಡಿ ಅಂತ ಅಗ್ನಿಶಾಮಕದವರು ಹೇಳುತ್ತಲೇ ಇರುತ್ತಾರೆ. ಬೆಂಕಿ ಬಿದ್ದರೆ ಹೊರಬರುವ ದಾರಿ ಅದೊಂದೇ. ಹಾಗಾಗಿ ಮಹಡಿ ಮನೆಯವರು ಒಂದೇ ಕೈಯಲ್ಲಿ ಮಡಚಿ ಎತ್ತಲು ಆಗುವ ಹಗುರ ಗಾಡಿ ನೋಡಿ. ಹುಟ್ಟಿದ ಮಗುವನ್ನು ಪೂರ್ತಿ ಚಪ್ಪಟೆಯಾಗಿ ಮಲಗಿಸುವಂತಿರಬೇಕು. ಮಳೆ ಕವರ್ ಮಾತ್ರ ಬಿಡಬೇಡಿ. ಇಲ್ಲಿನ ಗಾಳಿಗೆ ಛತ್ರಿ ನಿಲ್ಲುವುದಿಲ್ಲ.

ಸ್ಲಿಂಗ್ ಕಟ್ಟುವಾಗ ಮಗುವಿನ ಮುಖ ನಿಮಗೆ ಕಾಣುತ್ತಿರಬೇಕು. ತಲೆ ಬಗ್ಗಿಸಿದರೆ ಮುತ್ತು ಕೊಡುವಷ್ಟು ಎತ್ತರದಲ್ಲಿರಬೇಕು. ಗಲ್ಲ ಎದೆಗೆ ಒತ್ತಿರಬಾರದು.

ಮಲಗುವ ಜಾಗ, ಕುಲಾವಿ, ಸಾಸಿವೆ ದಿಂಬು

ಬೇಕಾದ್ದು ಗಟ್ಟಿಯಾದ, ಚಪ್ಪಟೆ ಹಾಸಿಗೆ ಇರುವ ಒಂದು ಕಾಟ್. ಅಷ್ಟೇ. ಕಾಟ್ ಹಳೆಯದಾದರೂ ಪರವಾಗಿಲ್ಲ, ಹಾಸಿಗೆ ಹೊಸದಿರಲಿ. ಸುತ್ತ ಕಟ್ಟುವ ಮೆತ್ತನೆ ಬಂಪರ್, ಗೂಡಿನಂಥ ಹಾಸಿಗೆ, ದಿಂಬು, ಗೊಂಬೆ ಯಾವುದೂ ಬೇಡ. ಮಗುವನ್ನು ಅಂಗಾತ ಮಲಗಿಸಿ. ಮೊದಲ ಆರು ತಿಂಗಳು ನಿಮ್ಮ ಕೋಣೆಯಲ್ಲೇ ಇರಲಿ. ಹಾಗಾಗಿ ಬೇರೆ ಕೋಣೆಗೆ ಬಣ್ಣ ಹೊಡೆಸುವ ಅವಸರವೂ ಇಲ್ಲ, ಕ್ಯಾಮೆರಾ ಮಾನಿಟರೂ ಬೇಡ.

ಊರಿಂದ ತಲೆ ಗುಂಡಗಾಗಲಿ ಅಂತ ಸಾಸಿವೆ ದಿಂಬು ಬರುತ್ತದೆ, ಬಂದೇ ಬರುತ್ತದೆ. ಪ್ರೀತಿಯಿಂದ ಇಸಿದುಕೊಳ್ಳಿ, ಬೀರುವಿನಲ್ಲಿಡಿ. ವರ್ಷ ತುಂಬುವವರೆಗೆ ಮಗುವಿಗೆ ದಿಂಬು ಬೇಡ ಅಂತಲೇ ಇಲ್ಲಿ ಹೇಳುತ್ತಾರೆ. ಕುಲಾವಿಯೂ ಅಷ್ಟೇ. ಹೊರಗೆ ಹೋಗುವಾಗ ಬೇಕು, ಮನೆಯೊಳಗೆ, ಅದರಲ್ಲೂ ಮಲಗಿದಾಗ ಬೇಡ. ಎಳೆ ಮಗು ಮೈಯ ಬಿಸಿ ಕಳೆದುಕೊಳ್ಳುವುದು ತಲೆಯಿಂದಲೇ ಹೆಚ್ಚು. ತಲೆ ಮುಚ್ಚಿದರೆ ಮೈ ಕಾಯುತ್ತದೆ. ಮಲಗುವ ಕೋಣೆ 16ರಿಂದ 20 ಡಿಗ್ರಿ ಇದ್ದರೆ ಸರಿ. ಅಜ್ಜಿಗೆ ಇದು ಹಿಮಾಲಯ ಅನ್ನಿಸುತ್ತದೆ, ಹೀಟಿಂಗ್ 25ಕ್ಕೆ ಏರುತ್ತದೆ. ಹೀಟಿಂಗ್ ಇಳಿಸಿ, ಅಜ್ಜಿಗೆ ಇನ್ನೊಂದು ಸ್ವೆಟರ್ ಕೊಡಿಸಿ. ಬಿಲ್ಲಿನ ಲೆಕ್ಕದಲ್ಲೂ ಅದೇ ಅಗ್ಗ.

ಸ್ನಾನ, ಸಾಂಬ್ರಾಣಿ

ನಮ್ಮ ಸ್ನಾನಕ್ಕೂ ಇಲ್ಲಿನ ಬಚ್ಚಲಿಗೂ ಆಗಿಬರುವುದಿಲ್ಲ. ಕಾಲು ಚಾಚಿ ಕುಳಿತು ಮಗುವನ್ನು ಕಾಲ ಮೇಲೆ ಮಲಗಿಸಿ ನೀರು ಹಾಕೋಣ ಅಂದರೆ, ಇಲ್ಲಿ ನೆಲದಲ್ಲಿ ನೀರು ಹೋಗುವ ತೂತೇ ಇಲ್ಲ. ಕೆಳಗಿನ ಮನೆಯ ಸೂರಿಗೆ ಇಳಿಯುತ್ತದೆ. ಟಬ್ಬಿನ ಒಳಗೇ ಜಾರದ ರಬ್ಬರ್ ಮ್ಯಾಟ್ ಹಾಸಿ, ಅದರ ಮೇಲೆ ತಗ್ಗಿನ ಮಣೆ ಇಟ್ಟು ಕೂರುವುದು ನಮ್ಮಲ್ಲಿ ಎಷ್ಟೋ ಮನೆಗಳ ಉಪಾಯ. ಟಬ್ ಹತ್ತಿ ಇಳಿಯುವಾಗ ಮಗು ಇನ್ನೊಬ್ಬರ ಕೈಯಲ್ಲಿರಲಿ. ನೀರು ಸುಮಾರು 37 ಡಿಗ್ರಿ. ಊರಿನ ಹಂಡೆಯ ಬಿಸಿ ಬೇಡ. ಮಣೆ ಬೇಡದವರಿಗೆ ಒಂದು ದೊಡ್ಡ ಪ್ಲಾಸ್ಟಿಕ್ ಬೋಗುಣಿ ಸಾಕು.

ಇನ್ನು ಸಾಂಬ್ರಾಣಿ. 2022ರ ಫೆಬ್ರುವರಿಯಿಂದ ಸ್ಕಾಟ್ಲೆಂಡ್‌ನ ಎಲ್ಲ ಮನೆಗಳಲ್ಲೂ ಒಂದಕ್ಕೊಂದು ಜೋಡಿಸಿದ ಹೊಗೆ ಅಲಾರಂ ಇರಬೇಕು ಅಂತ ಕಾನೂನಿದೆ. ಒಂದು ಕೂಗಿದರೆ ಎಲ್ಲವೂ ಕೂಗುತ್ತವೆ. ನಮ್ಮಮ್ಮ ಸ್ನಾನ ಮುಗಿಸಿ ಹಾಲ್‌ನಲ್ಲಿ ಒಂದೇ ಒಂದು ಕಪ್ ಸಾಂಬ್ರಾಣಿ ಹಚ್ಚಿದರು. ಹಾಲ್, ಪಡಸಾಲೆ, ಅಡುಗೆಮನೆ ಮೂರೂ ಒಟ್ಟಿಗೆ ಕಿರುಚಿದವು. ಮಗು ಅಳು. ಅಮ್ಮ ಸ್ಟೂಲ್ ಮೇಲೆ ನಿಂತು ಸೆರಗಿನಿಂದ ಅಲಾರಂಗೆ ಗಾಳಿ ಬೀಸುತ್ತಿದ್ದರು. ಅಲಾರಂ ಬಿಡಿ, ಎಳೆ ಮಗುವಿನ ಎದೆಗೂ ಆ ಹೊಗೆ ಒಳ್ಳೆಯದಲ್ಲ. ತಲೆ ಒರೆಸಿ ಬೆಚ್ಚಗೆ ಇಟ್ಟರೆ ಸಾಕು.

ಹಾಲು, ಡೈಪರ್, ಔಷಧ

ಎದೆಹಾಲು ಕುಡಿಸುವ ಯೋಚನೆ ಇದ್ದರೆ ಬಾಟಲಿ ಸೆಟ್, ಪಂಪ್ ಯಾವುದನ್ನೂ ಮೊದಲೇ ತರಬೇಡಿ. ಬೇಕಾದರೆ ಮರುದಿನವೇ ಸಿಗುತ್ತದೆ. ಬಾಟಲಿಗೆ ಸ್ಟೆರಿಲೈಜರ್ ಯಂತ್ರವೇ ಬೇಕು ಅಂತಿಲ್ಲ. ದೊಡ್ಡ ಪಾತ್ರೆಯಲ್ಲಿ ಪೂರ್ತಿ ಮುಳುಗಿಸಿ 10 ನಿಮಿಷ ಕುದಿಸಿದರೆ ಆಯಿತು. ಬಾಟಲಿ ಕುದಿತ ತಡೆಯುವಂಥದ್ದೇ ಅಂತ ನೋಡಿಕೊಳ್ಳಿ. ಎಳೆ ಮಕ್ಕಳಿಗೆಂದೇ ಮಾಡಿದ ಪುಡಿ ಹಾಲಾದರೆ (ಫಾರ್ಮುಲಾ) ಅಗ್ಗದ್ದೂ ದುಬಾರಿಯದ್ದೂ ಪೋಷಣೆಯಲ್ಲಿ ಒಂದೇ. ಮೊದಲ ಹಂತದ ಎಲ್ಲ ಪುಡಿಗಳೂ ಕಾನೂನು ಹೇಳಿದ ಅಳತೆಯಲ್ಲೇ ಇರಬೇಕು. ನೀರು ಕುದಿಸಿ ಅರ್ಧ ಗಂಟೆಯೊಳಗೆ, 70 ಡಿಗ್ರಿಗಿಂತ ತಣ್ಣಗಾಗುವ ಮುಂಚೆ ಪುಡಿ ಹಾಕಿ. ಆಮೇಲೆ ಆರಿಸಿ ಕುಡಿಸಿ. ಎದೆಹಾಲಿನ ಮಗುವಿಗೆ ವಿಟಮಿನ್ ಡಿ ಹನಿ ದಿನಾ ಬೇಕು. ಇಲ್ಲಿನ ಬಿಸಿಲು ನೋಡಿದ್ದೀರಲ್ಲ. ಮಗುವನ್ನು ನೋಡಲು ಬರುವ ನರ್ಸ್, ಅಂದರೆ ಹೆಲ್ತ್ ವಿಸಿಟರ್, ಮನೆಗೆ ಬಂದಾಗ ಕೇಳಿ. ಜೇನು ನೆಕ್ಕಿಸುವುದು ಮಾತ್ರ ಶಾಸ್ತ್ರಕ್ಕೂ ಬೇಡ, ವರ್ಷ ತುಂಬಲಿ.

ಡೈಪರ್‌ಗೆ ಇಲ್ಲಿ ನ್ಯಾಪಿ ಅನ್ನುತ್ತಾರೆ. ಮೊದಲ ವಾರಗಳಲ್ಲಿ ದಿನಕ್ಕೆ ಹತ್ತು ಹನ್ನೆರಡು ಹೋಗುತ್ತವೆ. ಆದರೂ ಚಿಕ್ಕ ಸೈಜಿನದು ಎರಡು ಪ್ಯಾಕ್ ಸಾಕು, ಮಗು ಬೇಗ ಬೆಳೆಯುತ್ತದೆ. ಬಟ್ಟೆ ಲಂಗೋಟಿ ಹಗಲಿಗೆ ಚೆಂದ. ಆದರೆ ನವೆಂಬರಿನಲ್ಲಿ ಅದು ಒಣಗುವುದು ಎಲ್ಲಿ? ಮನೆ ತುಂಬ ಒದ್ದೆ ಬಟ್ಟೆ ಹರಡಿದರೆ ಗೋಡೆಗೆ ಬೂಸ್ಟು ಹಿಡಿಯುತ್ತದೆ.

ಔಷಧದ ಡಬ್ಬಿ ಊರಿಂದ ತರಬೇಡಿ. ಇಲ್ಲಿ ಡಾಕ್ಟರ್ ಬರೆದುಕೊಟ್ಟ ಔಷಧಕ್ಕೆ ದುಡ್ಡಿಲ್ಲ. ಸಣ್ಣಪುಟ್ಟದಕ್ಕೆ ಫಾರ್ಮಸಿಯವರೇ ನೋಡಿ ಕೊಡುತ್ತಾರೆ. ಮೂರು ತಿಂಗಳೊಳಗಿನ ಮಗುವಿಗೆ ಜ್ವರ 38 ಡಿಗ್ರಿ ಮುಟ್ಟಿದರೆ ಕಾಯಬೇಡಿ, ಡಾಕ್ಟರಿಗೆ ಅಥವಾ ಇಲ್ಲಿನ ಆರೋಗ್ಯ ಸೇವೆಯ 111 ನಂಬರಿಗೆ ಫೋನ್ ಮಾಡಿ. ಅಂಗಡಿ ಕಾಡಿಗೆಯಲ್ಲಿ ಸೀಸ ಇರುವುದುಂಟು, ಕಣ್ಣಿಗೂ ಬೇಡ, ದೃಷ್ಟಿಬೊಟ್ಟಿಗೂ ಬೇಡ. ಕೊರಳಿಗೆ ಕಟ್ಟಿದ ದಾರವನ್ನು ಮಲಗಿಸುವ ಮುಂಚೆ ತೆಗೆಯಿರಿ.

ಊರಿಂದ ಬರುವವರಿಗೆ ಹೇಳಿ

ಹಳೆ ಕಾಟನ್ ಸೀರೆ, ಸವೆದ ಪಂಚೆ. ಇವುಗಳ ಮೆದುತನ ಇಲ್ಲಿ ಯಾವ ಬೆಲೆಗೂ ಸಿಗುವುದಿಲ್ಲ. ಒಂದು ಕೌದಿ, ಹಗಲಲ್ಲಿ ಮಗುವನ್ನು ನೆಲದ ಮೇಲೆ ಆಡಲು ಬಿಡುವುದಕ್ಕೆ. ಒಂದು ಒಳಲೆ. ಚನ್ನಪಟ್ಟಣದ ಗಿಲಕಿ, ಸಣ್ಣ ಭಾಗ ಬಿಚ್ಚಿ ಬರದಂಥದ್ದು. ರಾಗಿ ಹಿಟ್ಟು ಇಲ್ಲಿನ ಇಂಡಿಯನ್ ಅಂಗಡಿಯಲ್ಲೇ ಸಿಗುತ್ತದೆ, ಹೊತ್ತು ತರುವುದು ಬೇಡ. ರಾಗಿ ಸರಿ ತಿನ್ನಿಸಲು ಹೇಗೂ ಆರು ತಿಂಗಳಿದೆ.

ಬಾಣಂತಿಗೆ ಏನು ಬೇಕು ಅಂತ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ದಪ್ಪ ಮೆಟರ್ನಿಟಿ ಪ್ಯಾಡ್, ಮುಂದೆ ಬಿಚ್ಚುವ ನೈಟಿ, ಬೆನ್ನಿಗೆ ಆಸರೆ ಇರುವ ಕುರ್ಚಿ, ರಾತ್ರಿ ಪಕ್ಕದಲ್ಲಿ ನೀರಿನ ಫ್ಲಾಸ್ಕ್. ಯಾರಾದರೂ "ಏನು ಗಿಫ್ಟ್ ತರಲಿ?" ಅಂದರೆ ನಾಚಿಕೆ ಬಿಟ್ಟು "ಸಾರು ಅನ್ನ ತನ್ನಿ" ಅನ್ನಿ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹೇಳಿದರೆ ಎರಡು ವಾರಕ್ಕೆ ಸರದಿ ಹಾಕುತ್ತೇವೆ. ಖಾರ ಎಷ್ಟಿರಬೇಕು ಅಂತ ಮೊದಲೇ ಬರೆಯಿರಿ.

ತೊಟ್ಟಿಲು ಶಾಸ್ತ್ರಕ್ಕೆ ತೊಟ್ಟಿಲು ಕೊಳ್ಳಬೇಡಿ, ಸೀರೆ ಜೋಲಿ ಕಟ್ಟಲು ಬಾಡಿಗೆ ಮನೆಯ ಸೂರಿಗೆ ಕೊಕ್ಕೆಯನ್ನೂ ಹೊಡೆಯಬೇಡಿ. ಒಳಗೆ ಬರೀ ಪ್ಲಾಸ್ಟರ್ ಹಲಗೆ, ಭಾರ ತಡೆಯುವುದಿಲ್ಲ. ಬಳಗದಲ್ಲಿ ಒಂದು ಮರದ ತೊಟ್ಟಿಲಿದೆ, ಮನೆಯಿಂದ ಮನೆಗೆ ತಿರುಗುತ್ತಿರುತ್ತದೆ. ಹೆಸರಿಡುವ ದಿನ ಗೊತ್ತಾದ ಕೂಡಲೇ ತಿಳಿಸಿ. ಸಣ್ಣ ಕಾರಿನಲ್ಲೂ ಹಿಂದಿನ ಸೀಟ್ ಮಡಚಿದರೆ ಹಿಡಿಯುತ್ತದೆ. ಹಾಡು, ಶಾಸ್ತ್ರ, ಫೋಟೋ ಮುಗಿಯುವವರೆಗೆ ಮಾತ್ರ ಅದು. ರಾತ್ರಿ ಮಗುವನ್ನು ಕಾಟ್‌ನಲ್ಲೇ ಮಲಗಿಸಿ. ವಾಪಸ್ ಕೊಡುವಾಗ ಎಂಟು ಬೋಲ್ಟುಗಳನ್ನು ಎಣಿಸಿ ನೀಲಿ ಚೀಲದಲ್ಲಿ ಹಾಕಿ. ಕಳೆದ ಸಲ ಏಳೇ ಬಂದಿದ್ದವು.